ಪಾಲಕ್ಕಾಡು ಗಾಳಿಯೂ 1971ರ ಒಂದು ಪ್ರಬಂಧವೂ

ಪ್ರಕ್ಷುಬ್ಧ ಸೀಮಾಸ್ತರದಲ್ಲಿ ಗೋಡೆಯ ಬಳಿಯ ಮಂದಪ್ರವಾಹವು ಒಮ್ಮೆಲೇ ಮೇಲಕ್ಕೆ ಚಿಮ್ಮುವ ‘ಸ್ಫೋಟ’ಗಳ ನಡುವಣ ಸರಾಸರಿ ಅವಧಿಯು, ಗೋಡೆಗಂಟಿದ ಸ್ನಿಗ್ಧತೆಯ ಮಾನಗಳನ್ನಲ್ಲ, ಇಡೀ ಸ್ತರದ ದಪ್ಪವನ್ನೂ ಹೊರಪ್ರವಾಹದ ವೇಗವನ್ನೂ ಅನುಸರಿಸುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ನರಹರಿ ರಾವ್, ರೊದ್ದಂ ನರಸಿಂಹ, ಎಂ. ಎ. ಬದರಿ ನಾರಾಯಣನ್ ಎಂಬ ಮೂವರು 1971ರಲ್ಲಿ ಪ್ರತಿಪಾದಿಸಿದರು. ಬ್ಲ್ಯಾಕ್‌ವೆಲ್ಡರ್ ಮತ್ತು ಹ್ಯಾರಿಟೊನಿಡಿಸ್ 1983ರಲ್ಲಿ ಅದನ್ನು ಖಂಡಿಸಿದರೆಂದು ಹೇಳಿ ಮುಂದಕ್ಕೆ ಸಾಗುವವರು ಮೂಲಪ್ರಬಂಧವನ್ನು ಕೊನೆಯವರೆಗೆ ಓದಿರುವರೆಂದು ನಂಬಲು ನನಗೆ ಕಷ್ಟವಾಗುತ್ತದೆ.

ಖಂಡನೆ ದುರ್ಬಲವಾದುದೇನಲ್ಲ. ವೇಗವನ್ನಳೆಯುವ ಉಷ್ಣತಂತಿಯ ಉದ್ದವು ಸ್ನಿಗ್ಧಮಾನದ 20 ಪಟ್ಟನ್ನು ಮೀರಿದರೆ, ತನಗಿಂತ ಕಿರಿದಾದ ಕ್ಷೋಭೆಗಳನ್ನು ಅದು ಸರಾಸರಿಯಲ್ಲಿ ಕರಗಿಸಿಬಿಡುತ್ತದೆ. ವೇಗ ಹೆಚ್ಚಿದಂತೆ ಸ್ನಿಗ್ಧಮಾನವು ಕುಗ್ಗುವುದರಿಂದ ಅದೇ ತಂತಿ ಸಾಪೇಕ್ಷವಾಗಿ ಮತ್ತಷ್ಟು ಉದ್ದವಾಗಿ, ಎಣಿಕೆಗೆ ಸಿಗದ ಸ್ಫೋಟಗಳು ಹೆಚ್ಚಿ, ಅವಧಿಯು ಹೊರಮಾನಕ್ಕೆ ಒಳಪಟ್ಟಿದೆಯೆಂಬ ಭ್ರಮೆ ಹುಟ್ಟೀತು. ಒಪ್ಪೋಣ. ಆದರೆ ಬೆಂಗಳೂರಿನವರು ತಮ್ಮ ತಂತಿಯೊಂದನ್ನೇ ನೆಚ್ಚಿರಲಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ ಕ್ಲೈನ್ ಮತ್ತವರ ಸಂಗಡಿಗರು ನೀರಿನ ಹರಿವನ್ನು ಗೋಚರವಾಗಿಸಿ, ಕಣ್ಣಿನಿಂದ ಕಂಡು ಎಣಿಸಿದ್ದರೊಡನೆಯೂ ತಮ್ಮ ಅಂಕಿಗಳನ್ನು ಹೋಲಿಸಿ ನೋಡಿದ್ದರು. ತಂತಿಯ ಉದ್ದದ ದೋಷ ಕಣ್ಣಿಗೆ ತಟ್ಟದು. (ಆ ದೃಶ್ಯಗಳು ಕಿರಿಯ ರೆನಾಲ್ಡ್ಸ್ ಸಂಖ್ಯೆಗಳವೆಂಬ ಪ್ರತಿವಾದ ನ್ಯಾಯವೇ, ಅದು ಸಾಕ್ಷ್ಯದ ವ್ಯಾಪ್ತಿಯನ್ನು ಕುಗ್ಗಿಸುತ್ತದೆ, ಸಾಕ್ಷ್ಯವನ್ನು ಅಳಿಸುವುದಿಲ್ಲ.) ಇದಲ್ಲದೆ, ಕಿರಿದನ್ನು ಕಾಣದ ತಂತಿಯು ಹಿರಿದಾದುದೇನನ್ನೋ ಕಂಡಿತ್ತಷ್ಟೆ, ಆ ಹಿರಿದಾದುದು ಯಾವುದೆಂದು ಖಂಡನಕಾರರ ಅನುಯಾಯಿಗಳು ಕೇಳಲೇ ಇಲ್ಲ.

ಪ್ರಯೋಗಶಾಲೆಯ ಗಾಳಿಸುರಂಗದಲ್ಲಿ ಸ್ನಿಗ್ಧಮಾನ, ಹೊರಮಾನಗಳೆರಡೂ ಪರಸ್ಪರ ಸಮೀಪದಲ್ಲಿರುವುದರಿಂದಲೇ ಈ ವ್ಯಾಜ್ಯ ಇಷ್ಟು ಬೆಳೆಯಿತು. ಪಾಲಕ್ಕಾಡು ಕಣಿವೆಯಿಂದ ನುಗ್ಗಿ ಕೊಯಮತ್ತೂರಿನ ಬಯಲನ್ನು ಹಾಯ್ದು, ತಿರುಪ್ಪೂರು ಜಿಲ್ಲೆಯ ಪಲ್ಲಡಂ, ಉಡುಮಲಪೇಟೆಗಳ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯನ್ನು ತೆಗೆದುಕೊಳ್ಳಿ. ವೇಗ ಸೆಕೆಂಡಿಗೆ 10 ಮೀಟರ್, ಘರ್ಷಣವೇಗ 0.4 ಮೀಟರ್, ಸ್ತರದ ದಪ್ಪ 1 ಕಿಲೋಮೀಟರ್ ಎಂದು ಹಿಡಿದರೆ, ಸ್ನಿಗ್ಧಕಾಲದ (ಗಾಳಿಯ ಸ್ನಿಗ್ಧತೆಯನ್ನು ಘರ್ಷಣವೇಗದ ವರ್ಗದಿಂದ ಭಾಗಿಸಿದುದರ) ಸುಮಾರು 300 ಪಟ್ಟೆನ್ನುವ 1983ರ ಲೆಕ್ಕದಂತೆ ಸ್ಫೋಟಗಳ ಅವಧಿ 0.03 ಸೆಕೆಂಡು, ದಪ್ಪವನ್ನು ವೇಗದಿಂದ ಭಾಗಿಸಿದುದರ ಸುಮಾರು 5 ಪಟ್ಟೆನ್ನುವ 1971ರ ಲೆಕ್ಕದಂತೆ 500 ಸೆಕೆಂಡು, ಅಂದರೆ ಎಂಟು ನಿಮಿಷಕ್ಕೂ ಮಿಗಿಲು. ಉಳುಮೆಯ ಹೊಲವು ನಯವಾದ ಫಲಕವಲ್ಲವೆಂದು ಆಕ್ಷೇಪಿಸುವವರಿಗೆ ನನ್ನ ಉತ್ತರವಿಷ್ಟೆ: ಇಲ್ಲಿ ತೋರಿಸಹೊರಟಿರುವುದು ಅಂತರದ ಗಾತ್ರವನ್ನು ಮಾತ್ರ. ಇಷ್ಟು ದೂರದ ಎರಡು ಉತ್ತರಗಳು ಒಂದೇ ಪ್ರಶ್ನೆಗೆ ಸೇರಿದವಾಗಲಾರವು.

ಆ ಉಷ್ಣತಂತಿ ಕಂಡ ಹಿರಿದಾದುದು ಯಾವುದಿರಬಹುದೆಂಬುದರ ಸುಳಿವು ನಂತರದ ಸಂಶೋಧನೆಗಳಲ್ಲಿದೆ. ಹಚಿನ್ಸ್ ಮತ್ತು ಮರೂಸಿಕ್ 2007ರಲ್ಲಿ ಮೆಲ್ಬರ್ನಿನಿಂದ ವರದಿ ಮಾಡಿದ, ಸ್ತರದ ದಪ್ಪಕ್ಕಿಂತ ಹಲವು ಪಟ್ಟು ಉದ್ದವಾಗಿ ಬಳುಕುವ ರಚನೆಗಳು ಗೋಡೆಯವರೆಗೂ ತಮ್ಮ ಪ್ರಭಾವವನ್ನು ಚಾಚುತ್ತವೆ. 2014ರಲ್ಲಿ ಡೆಕ್ ಮತ್ತವರ ಸಂಗಡಿಗರು ಫ್ರಾನ್ಸಿನಲ್ಲಿ ನಡೆಸಿದ ಗಣನೆಯಲ್ಲಿ, ದಪ್ಪದ ಎರಡು ಪಟ್ಟಿಗಿಂತ ಉದ್ದವಾದ ರಚನೆಗಳ ಪಾಲು ಸರಾಸರಿ ಮೇಲ್ಮೈ ಘರ್ಷಣೆಯ ಅರ್ಧಕ್ಕೆ ಸಮೀಪವಾಗಿತ್ತು. ಆದರೆ ಅದಕ್ಕೆ ಬಳಸಿದ ಫುಕಗಾತಾ ಸಮೀಕರಣವು ಬಲವನ್ನು ಪಾಲು ಹಂಚಿ ತೋರಿಸುವುದೇ ಹೊರತು ಕಾರ್ಯಕಾರಣವನ್ನು ಹೇಳುವುದಿಲ್ಲವೆಂಬುದನ್ನು ನಮ್ಮ ಪಕ್ಷದ ಉತ್ಸಾಹಿಗಳೂ ಮರೆಯಬಾರದು. ಈ ವಿಷಯದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಮೆಲ್ಬರ್ನಿನ ಅಳತೆಗಳಿಗೆ: ಗೋಡೆಯ ಬಳಿಯಲ್ಲಿ, ಹಿರಿಯ ರಚನೆಯ ವೇಗವಾದ ಭಾಗದಡಿಯಲ್ಲಿ ಕಿರಿಯ ಕ್ಷೋಭೆಗಳು ಪ್ರಬಲವಾಗುತ್ತವೆ, ಮಂದಭಾಗದಡಿಯಲ್ಲಿ ಕ್ಷೀಣಿಸುತ್ತವೆ.