ಘಟ್ಟದ ಬಾಯಲ್ಲಿ ಸುಂಕ

ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ ಎಸ್.ಕೆ. ಬಾರ್ಡರ್ ಎಂಬ ಜಾಗವಿದೆ. ಎಸ್.ಕೆ. ಅಂದರೆ ಸೌತ್ ಕೆನರಾ. ಮೈಸೂರು ಸಂಸ್ಥಾನ ಮುಗಿದು ಮದ್ರಾಸ್ ಪ್ರಾಂತ್ಯ ಶುರುವಾಗುತ್ತಿದ್ದ ಕಾಲದ ಗುರುತು ಅದು. 1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. 1997ರಲ್ಲಿ ಉಡುಪಿ ಜಿಲ್ಲೆಯಾದ ಮೇಲೆ ಕಾರ್ಕಳ ದಕ್ಷಿಣ ಕನ್ನಡದಲ್ಲೂ ಉಳಿಯಲಿಲ್ಲ. ಆದರೆ ಘಟ್ಟ ಹತ್ತಿಳಿಯುವವನು ದಾರಿಯಲ್ಲೊಂದು ಕಡೆ ನಿಂತು ಚೀಟಿ ತೋರಿಸಬೇಕು, ಎಷ್ಟೋ ಸಲ ದುಡ್ಡನ್ನೂ ಕಟ್ಟಬೇಕು ಎಂಬುದು ಮಾತ್ರ ಒಂದಲ್ಲ ಒಂದು ರೂಪದಲ್ಲಿ ಉಳಿದುಕೊಂಡು ಬಂದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಸುಂಕದ ಕಟ್ಟೆಗಳ ಬಳಿ ನಿಂತು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿ ದಾರಿಹೋಕ ತೆತ್ತ ಹಣ ನೆಲದ ಸ್ವಭಾವದಿಂದ ಹುಟ್ಟಿದ್ದಲ್ಲ, ಆಳುವವರು ಎಳೆದ ಗೆರೆಯಿಂದ ಹುಟ್ಟಿದ್ದು. ಆ ಹಣ ದಾರಿಗೇ ಮರಳಿದಾಗ ಜನ ಅದನ್ನು ಒಪ್ಪಿದ್ದಾರೆ, ಮರಳದಿದ್ದಾಗ ಸಿಡಿದೆದ್ದಿದ್ದಾರೆ.

ಘಟ್ಟವೇ ಸಹಜವಾದ ಗಡಿಯಲ್ಲವೇ ಎಂದು ಕೇಳಬಹುದು. ಮೇಲೆ ಮಲೆನಾಡು, ಕೆಳಗೆ ತುಳುನಾಡು. ನಡುವೆ ದಟ್ಟ ಕಾಡು, ಕಡಿದಾದ ಇಳಿಜಾರು. ಆದರೆ ಈ ಭಾಗವನ್ನು ಆಳಿದವರು ಹಾಗೆ ಎಣಿಸಿದಂತೆ ಕಾಣುವುದಿಲ್ಲ. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ಭೈರರಸರ ರಾಜ್ಯಕ್ಕೆ ಕಳಸ–ಕಾರ್ಕಳ ರಾಜ್ಯ ಎಂದೇ ಹೆಸರು. ಒಂದು ಊರು ಘಟ್ಟದ ಮೇಲೆ, ಇನ್ನೊಂದು ಬುಡದಲ್ಲಿ. ಅವರ ನಂತರ ಕೆಳದಿ ನಾಯಕರು ಬಿದನೂರಿನಲ್ಲಿ ಕುಳಿತು ಮಲೆನಾಡನ್ನೂ ಕರಾವಳಿಯ ಬಂದರುಗಳನ್ನೂ ಒಟ್ಟಿಗೆ ಆಳಿದರು. 1763ರಲ್ಲಿ ಬಿದನೂರನ್ನು ಹಿಡಿದ ಹೈದರಾಲಿಗೂ ಆ ಬಳಿಕ ಟಿಪ್ಪುವಿಗೂ ಎರಡೂ ಕಡೆ ಒಂದೇ ರಾಜ್ಯ. ಮೇಲಿನ ಮೆಣಸು, ಏಲಕ್ಕಿ ಕೆಳಗಿಳಿಯುವುದೂ ಕೆಳಗಿನ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೇರುವುದೂ ಒಂದೇ ಮನೆಯ ಒಳಕೋಣೆ, ಹೊರಕೋಣೆಗಳ ನಡುವಿನ ಓಡಾಟದಂತಿತ್ತು.

ಹಾಗೆಂದು ಆಗ ಸುಂಕ ಇರಲಿಲ್ಲ ಎಂದಲ್ಲ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ಕರ್ನಾಟಕದ ಶಾಸನಗಳ ತುಂಬ ಇವೆ. ಎತ್ತಿನ ಮೇಲಿನ ಹೇರಿಗೆ ಇಷ್ಟು ಎಂದು ಲೆಕ್ಕ ಹಾಕಿ ಕಟ್ಟೆಕಟ್ಟೆಯಲ್ಲೂ ವಸೂಲು ಮಾಡುತ್ತಿದ್ದರು. ಮಠಗಳಿಗೆ, ದೇವಸ್ಥಾನಗಳಿಗೆ ಅರಸರು ಕೊಡುತ್ತಿದ್ದ ದತ್ತಿಗಳಲ್ಲಿ ಭೂಮಿಯ ಜೊತೆಗೆ ಸುಂಕದ ಮಾನ್ಯವೂ ಸೇರಿರುತ್ತಿತ್ತು. ಸುಂಕ ಬಿಡುವುದನ್ನು ದೊಡ್ಡ ದಾನವೆಂದು ಕಲ್ಲಿನಲ್ಲಿ ಕೊರೆಸುತ್ತಿದ್ದರೆಂದರೆ ಅದರ ಭಾರ ಎಷ್ಟಿತ್ತೆಂದು ಊಹಿಸಬಹುದು. ಆ ಮಾನ್ಯ ದೊಡ್ಡವರ ಪಾಲಾಯಿತು, ಒಂಟಿ ಎತ್ತು ಹೊಡೆದುಕೊಂಡು ಹೋಗುವವನಿಗೆ ಸಿಗಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಆ ಸುಂಕಕ್ಕೂ ಗಡಿಯ ಸುಂಕಕ್ಕೂ ವ್ಯತ್ಯಾಸವಿದೆ. ಸುಂಕ ಹೆಚ್ಚಿಸಿ ವ್ಯಾಪಾರ ಕುಂದಿದರೆ ನಷ್ಟ ಆ ಅರಸನಿಗೇ, ಏಕೆಂದರೆ ಘಟ್ಟದ ಮೇಲಿನ ತೋಟವೂ ಕೆಳಗಿನ ಬಂದರೂ ಅವನವೇ. ಗಡಿಯಲ್ಲಿ ಆ ಕಡಿವಾಣ ಇಲ್ಲ. ಅಲ್ಲಿ ತೆರುವವನು ಇನ್ನೊಬ್ಬರ ಪ್ರಜೆ.

ಘಟ್ಟದ ನೆತ್ತಿಯ ಮೇಲೆ ಈ ಗೆರೆ ಬಿದ್ದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಬಿದನೂರಿನ ಸುತ್ತಲ ನಗರ ಸೀಮೆ ಮೈಸೂರಿನ ಅರಸರಿಗೆ ಉಳಿಯಿತು. ಶೃಂಗೇರಿ ಮಠದ ಜಹಗೀರು, ಕೊಪ್ಪ, ಆಗ ಎಡೆಹಳ್ಳಿ ಎನಿಸಿಕೊಂಡಿದ್ದ ಇಂದಿನ ನರಸಿಂಹರಾಜಪುರ ಎಲ್ಲವೂ ಮೈಸೂರಿನ ಕಡೆಗೆ ಬಂದವು. ಸಮುದ್ರ ಮಾತ್ರ ಪರರ ಪಾಲಾಯಿತು. ಇದರ ಬಿಸಿ ಮೊದಲು ತಟ್ಟಿದ್ದು ಉಪ್ಪಿಗೆ. 19ನೆಯ ಶತಮಾನದ ಆರಂಭದಲ್ಲೇ ಕಂಪನಿ ಮದ್ರಾಸ್ ಪ್ರಾಂತ್ಯದಲ್ಲಿ ಉಪ್ಪಿನ ಏಕಸ್ವಾಮ್ಯ ಸ್ಥಾಪಿಸಿತು. ಅಂದಿನಿಂದ ಮಲೆನಾಡಿನವರು ಕರಾವಳಿಯ ಉಪ್ಪಿನ ಪ್ರತಿ ಸೇರಿನಲ್ಲೂ ತಮ್ಮದಲ್ಲದ ಸರ್ಕಾರಕ್ಕೆ ತೆರಿಗೆ ಕೊಟ್ಟರು. ಯಾವ ಕಟ್ಟೆಯಲ್ಲೂ ನಿಲ್ಲದೆ, ಯಾವ ರಸೀದಿಯೂ ಇಲ್ಲದೆ ಕೊಟ್ಟ ಗಡಿ ಸುಂಕ ಅದು. ಬಡವನ ಗಂಜಿಯ ಉಪ್ಪಿಗೂ ಬಿಡದ ಈ ವಸೂಲಿ ಅಂದಿನ ಆಡಳಿತದ ಅತಿ ಕ್ರೂರವಾದ ಮುಖ ಎಂದೇ ಹೇಳಬೇಕು.

ಮೈಸೂರಿನ ಕಡೆಯ ಸ್ಥಿತಿಯೂ ಹಿತವಾಗಿರಲಿಲ್ಲ. ಸಾಯಿರ್ ಎಂಬ ಒಂದೇ ತಲೆಬರಹದ ಕೆಳಗೆ ಒಳನಾಡಿನ ನೂರಾರು ಬಗೆಯ ಸುಂಕಗಳು ಸೇರಿಕೊಂಡಿದ್ದವು. ಅವುಗಳ ವಸೂಲಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆ ಹಿಡಿದವನಿಗೆ ದಾರಿಯ ಚಿಂತೆಯಿಲ್ಲ, ಮುಂದಿನ ವರ್ಷದ ಚಿಂತೆಯೂ ಇಲ್ಲ. ಕೊಟ್ಟ ದುಡ್ಡು ಲಾಭದೊಡನೆ ಕೈಸೇರಿದರೆ ಸಾಕು. ಸುಂಕದವನ ಮುಂದೆ ಸುಖದುಃಖ ಹೇಳಿದ ಹಾಗೆ ಎಂಬ ಗಾದೆ ಇಂಥ ಅನುಭವದಿಂದಲೇ ಬಂದಿರಬೇಕು. 1830–31ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದರು. ಅದೇ ಕಾರಣವಾಗಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ದಂಗೆಗೆ ಕಂದಾಯದ ಒತ್ತಡ, ಅಧಿಕಾರಿಗಳ ಸ್ವಜನಪಕ್ಷಪಾತ, ಪಾಳೆಯಗಾರರ ಆಸೆ ಹೀಗೆ ಬೇರೆ ಕಾರಣಗಳೂ ಇದ್ದವು. ಸುಂಕವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಆದರೆ ಮುಂದೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಬಾಬುಗಳ ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಲಾಯಿತು ಎಂಬ ದಾಖಲೆ ಆ ಹೊರೆಯ ಸ್ವರೂಪವನ್ನು ತೋರಿಸುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಬರುವ ಎರಡು ಉದಾಹರಣೆಗಳಂತೂ ಮರೆಯುವಂಥವಲ್ಲ. ಹಿಂದೆಂದೋ ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹಿರಿಯರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯ ಜನ ಇನ್ನೂ ಹಣ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದು ಹೋದವನು ತೆರಿಗೆ ಕಟ್ಟಬೇಕಿತ್ತು. ಕಾರಣ ಸತ್ತು ಎಷ್ಟೋ ಕಾಲವಾದರೂ ವಸೂಲಿ ಬದುಕಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವಸಾಹತು ಅಧಿಕಾರಿಗಳು ತಮ್ಮ ಆಡಳಿತದ ಹಿರಿಮೆಗಾಗಿ ಹಳೆಯದನ್ನು ಕಪ್ಪಾಗಿ ಬರೆದರು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ರದ್ದಾದ ಬಾಬುಗಳ ಎಣಿಕೆ ಬರೀ ಬಣ್ಣನೆಯಲ್ಲ. ಅದೇ ಕಾಲದಲ್ಲಿ, 1844ರಲ್ಲಿ, ಕಂಪನಿಯೂ ಮದ್ರಾಸ್ ಪ್ರಾಂತ್ಯದ ಒಳನಾಡಿನ ಸಾಗಣೆ ಸುಂಕವನ್ನು ಕೈಬಿಟ್ಟಿತು. ಉಪ್ಪನ್ನು ಮಾತ್ರ ಬಿಡಲಿಲ್ಲ.

ಸುಂಕವಿಲ್ಲದೆ ರಸ್ತೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಆ ಕಾಲದಲ್ಲೇ ಇದೆ. ಕಬ್ಬನ್ ಕಾಲದಲ್ಲಿ ಸುಂಕದ ಬಾಬುಗಳು ಕಡಿಮೆಯಾದವು, ರಸ್ತೆಗಳು ಹೆಚ್ಚಾದವು. ಎತ್ತಿನ ಹೇರು ಮಾತ್ರ ಇಳಿಯುತ್ತಿದ್ದ ಘಟ್ಟಗಳಲ್ಲಿ ಗಾಡಿಗಳು ಇಳಿಯತೊಡಗಿದವು. ಆಮೇಲೆ ಮದ್ರಾಸಿನ ಸ್ಥಳೀಯ ಮಂಡಳಿಗಳು ರಸ್ತೆಯ ಖರ್ಚಿಗೆಂದು ಗಾಡಿಗಳಿಂದ ಟೋಲು ವಸೂಲು ಮಾಡಿದವು. ಮೋಟಾರು ಬಂದಾಗ ಆ ವ್ಯವಸ್ಥೆ ತೊಡಕಾಯಿತು. 1931ರ ಮದ್ರಾಸ್ ಮೋಟಾರು ವಾಹನ ತೆರಿಗೆ ಕಾಯಿದೆ ಟೋಲುಗೇಟುಗಳ ಬದಲಿಗೆ ವಾಹನದ ಮೇಲೆಯೇ ತೆರಿಗೆ ಹಾಕಿತು. ಅದು ದೊಡ್ಡ ಸುಧಾರಣೆ ನಿಜ, ಆದರೆ ಅದರೊಳಗೇ ಹೊಸ ಗಡಿಸುಂಕದ ಬೀಜವಿತ್ತು. ವಾಹನ ತೆರಿಗೆ ಆಯಾ ಪ್ರಾಂತ್ಯದ್ದು. ಆದ್ದರಿಂದ ಇನ್ನೊಂದು ಪ್ರಾಂತ್ಯದ ಗಾಡಿ ಬಂದರೆ ಮತ್ತೆ ತೆರಿಗೆ, ಮತ್ತೆ ಪರ್ಮಿಟ್ಟು. 1939ರ ಮೋಟಾರು ವಾಹನ ಕಾಯಿದೆ ಒಂದು ಕಡೆಯ ಪರ್ಮಿಟ್ಟಿಗೆ ಇನ್ನೊಂದು ಕಡೆಯ ಒಪ್ಪಿಗೆ ಮುದ್ರೆ ಬೇಕೆಂದಿತು. ಇಂದು ಪರರಾಜ್ಯದ ಪ್ರವಾಸಿ ವಾಹನ ಗಡಿಯಲ್ಲಿ ಕಟ್ಟುವ ಹಣದ ವಂಶಾವಳಿ ಇದು.

1956ರಲ್ಲಿ ಗೆರೆ ಜರುಗಿತು. ಮಂಗಳೂರು, ಉಡುಪಿ, ಕಾರ್ಕಳಗಳು ಮೈಸೂರು ರಾಜ್ಯಕ್ಕೆ ಸೇರಿದವು, ಅದೇ ಸೌತ್ ಕೆನರಾದ ಕಾಸರಗೋಡು ಕೇರಳಕ್ಕೆ ಹೋಯಿತು. ಕಾಸರಗೋಡಿನ ಕನ್ನಡ ಕುಟುಂಬ ಶೃಂಗೇರಿಯ ಶಾರದೆಯ ದರ್ಶನಕ್ಕೆ ಹೊರಟರೆ ಹಿಂದೆ ಗಡಿ ಸಿಗುತ್ತಿದ್ದದ್ದು ಎಸ್.ಕೆ. ಬಾರ್ಡರ್ ಇರುವ ಮಾಳ ಘಟ್ಟದ ನೆತ್ತಿಯಲ್ಲಿ. ಈಗ ತಲಪಾಡಿಯಲ್ಲೇ ಸಿಗುತ್ತದೆ. ಊರು ಅದೇ, ದೇವಿ ಅವಳೇ, ರಸ್ತೆಯೂ ಹೆಚ್ಚುಕಡಿಮೆ ಅದೇ. ಬಾಡಿಗೆ ಗಾಡಿ ಹಿಡಿದರೆ ಪರ್ಮಿಟ್ಟಿನ ಹಣ ಮಾತ್ರ ಬೇರೆ ಕಡೆ ಸಂದಾಯ. ನೆಲಕ್ಕೂ ಈ ಹಣಕ್ಕೂ ಸಂಬಂಧವಿದ್ದಿದ್ದರೆ ಹೀಗೆ ಜಾಗ ಬದಲಾಗುತ್ತಿರಲಿಲ್ಲ. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದಾಗ, 2017ರ ಜುಲೈ 1ರಂದು ಜಿಎಸ್‌ಟಿ ಬಂದು ಸರಕಿನ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದಾಗ ಸರಕು ಹಗುರಾಯಿತು. ಪ್ರಯಾಣಿಕ ಹಾಗೇ ಉಳಿದ. 2021ರ ಏಪ್ರಿಲ್‌ನಲ್ಲಿ ಪ್ರವಾಸಿ ವಾಹನಗಳಿಗೆ ಇಡೀ ದೇಶಕ್ಕೆ ಒಂದೇ ಪರ್ಮಿಟ್ಟು ಎಂಬ ನಿಯಮ ಬಂದರೂ ರಸ್ತೆ ತೆರಿಗೆ ಬೇರೆ ಎಂದು ಕೆಲವು ರಾಜ್ಯಗಳು ಹಟ ಹಿಡಿದಿವೆ.

ಕಾಡಿನ ವಿಷಯ ಬೇರೆ ಎನ್ನಬಹುದು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ಕಾಡನ್ನು ಶೃಂಗೇರಿ–ಕಾರ್ಕಳ ಹೆದ್ದಾರಿ ಸೀಳಿಕೊಂಡೇ ಹೋಗುತ್ತದೆ. ತನಿಕೋಡಿನ ತನಿಖಾ ಠಾಣೆಯಲ್ಲಿ ವಾಹನ ನಿಲ್ಲಿಸುವುದು, ಒಳಗೆ ಎಲ್ಲೂ ತಂಗಬಾರದೆನ್ನುವುದು, ಕಿಗ್ಗದಿಂದ ನರಸಿಂಹ ಪರ್ವತ ಹತ್ತುವವರಿಗೆ ಅನುಮತಿ ಬೇಕೆನ್ನುವುದು ಕಾಡಿನ ಒಳಿತಿಗೆ ಅಗತ್ಯ. ಇದನ್ನು ಹಳೆಯ ಸುಂಕದ ಸಾಲಿಗೆ ಸೇರಿಸಲಾರೆ. ಜನ ಹೆಚ್ಚಾದರೆ ಕಾಡು ತಾಳುವುದಿಲ್ಲ. ಆದರೆ ಎಣಿಸುವುದು, ತಡೆಯುವುದು ಒಂದು ಕೆಲಸ. ಹಣ ಪಡೆಯುವುದು ಇನ್ನೊಂದು. ಹಣ ಪಡೆದರೆ ಎಷ್ಟು ಬಂತು, ಯಾವ ಕಾಲುದಾರಿಗೆ, ಯಾವ ಕಾವಲುಗಾರನ ಸಂಬಳಕ್ಕೆ, ಎಲ್ಲಿಯ ಕಸ ಎತ್ತಲು ಖರ್ಚಾಯಿತು ಎಂಬ ಲೆಕ್ಕವನ್ನು ಅದೇ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಪರರಾಜ್ಯದ ವಾಹನದ ತೆರಿಗೆಗೂ ಇದೇ ಮಾತು. ಶೃಂಗೇರಿಗೆ ಬರುವ ಯಾತ್ರಿಕರಿಂದ ರಾಜ್ಯಕ್ಕೆ ಸಂದ ಹಣದಲ್ಲಿ ಒಂದು ಪಾಲು ಪ್ರತಿ ಮಳೆಗಾಲವೂ ಕೊಚ್ಚಿಹೋಗುವ ಕೊಪ್ಪ, ನರಸಿಂಹರಾಜಪುರದ ಒಳರಸ್ತೆಗಳಿಗೆ ಸಿಗಬೇಕೆಂದು ಇಲ್ಲಿನವರು ಕೇಳಿದರೆ ಅದು ದಾನದ ಬೇಡಿಕೆಯಲ್ಲ, ರಸ್ತೆಯ ಹೆಸರಿನಲ್ಲಿ ಪಡೆದದ್ದನ್ನು ರಸ್ತೆಗೆ ಕೊಡಿ ಎಂಬ ಹಕ್ಕಿನ ಮಾತು.