ಹಣ ಕೊಡದ ಕ್ಲೇಮ್‌ಗೂ ಲೆಕ್ಕ ಕೊಡಬೇಕು: ಅಮೆರಿಕದ ವಿಮಾ ಕಂಪನಿಗಳ ವಾರ್ಷಿಕ ವರದಿ ಹೇಗಿರುತ್ತದೆ?

ಅಮೆರಿಕದಲ್ಲಿ ವಿಮಾ ಕಂಪನಿಗಳ ನಿಯಂತ್ರಣ ಮುಖ್ಯವಾಗಿ ಆಯಾ ರಾಜ್ಯಗಳ ಹೊಣೆ. 1945ರ ಮೆಕ್‌ಕ್ಯಾರನ್-ಫರ್ಗ್ಯೂಸನ್ ಕಾಯ್ದೆ ಈ ಅಧಿಕಾರವನ್ನು ರಾಜ್ಯಗಳಲ್ಲೇ ಉಳಿಸಿತು. ಕಂಪನಿಯ ಬೊಕ್ಕಸದ ಜತೆಗೆ, ಗ್ರಾಹಕರೊಂದಿಗೆ ಅದರ ನಡವಳಿಕೆಯನ್ನೂ ರಾಜ್ಯಗಳು ಪರಿಶೀಲಿಸುತ್ತವೆ. ಇದಕ್ಕೆ ನೆರವಾಗುವುದೇ 'ಮಾರ್ಕೆಟ್ ಕಂಡಕ್ಟ್ ಆನ್ಯುವಲ್ ಸ್ಟೇಟ್‌ಮೆಂಟ್'.

ವರದಿಯಲ್ಲಿ ಏನಿರುತ್ತದೆ?
ವಾಹನ, ಮನೆ, ಜೀವ, ಆರೋಗ್ಯ ಮುಂತಾದ ವಿಮೆಗಳಿಗೆ ರಾಜ್ಯವಾರು ಪ್ರತ್ಯೇಕ ಲೆಕ್ಕ ನೀಡಬೇಕು. ಉದಾಹರಣೆಗೆ ವಾಹನ ವಿಮೆಯಲ್ಲಿ ಎಷ್ಟು ಕ್ಲೇಮ್ ಬಂದವು, ಎಷ್ಟನ್ನು ಹಣ ಕೊಡದೆ ಮುಗಿಸಲಾಯಿತು, ಇತ್ಯರ್ಥಕ್ಕೆ ಎಷ್ಟು ದಿನ ಹಿಡಿಯಿತು, ಎಷ್ಟು ಪಾಲಿಸಿ ರದ್ದಾದವು, ಎಷ್ಟು ದೂರು ಬಂದವು ಎಂಬ ವಿವರ ಬೇಕು. ಒಂದು ರಾಜ್ಯದಲ್ಲಿ 50 ಸಾವಿರ ಡಾಲರ್ ಪ್ರೀಮಿಯಂ ಸಂಗ್ರಹಿಸಿದರೆ ಸಾಮಾನ್ಯವಾಗಿ ವರದಿ ಕಡ್ಡಾಯ. ಹೆಚ್ಚಿನ ವಿಭಾಗಗಳಿಗೆ ಏಪ್ರಿಲ್ 30 ಗಡುವು. ರಾಜ್ಯ ವಿಮಾ ಆಯುಕ್ತರ ರಾಷ್ಟ್ರೀಯ ಸಂಘಟನೆ ಎನ್‌ಎಐಸಿ ಮೂಲಕ ವರದಿ ಸಲ್ಲಿಕೆಯಾಗುತ್ತದೆ.

ಮುಂದೇನಾಗುತ್ತದೆ?
ಕಂಪನಿಯ ಅಂಕಿಅಂಶವನ್ನು ಅಧಿಕಾರಿಗಳು ರಾಜ್ಯದ ಒಟ್ಟು ಪ್ರಮಾಣದೊಂದಿಗೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡ ಮಾತ್ರಕ್ಕೆ ತಪ್ಪು ಸಾಬೀತಾಗದು. ಕಂಪನಿಯಿಂದ ವಿವರಣೆ ಕೇಳಬಹುದು, ಅಗತ್ಯವಿದ್ದರೆ ಕಡತ ತಪಾಸಣೆಗೂ ಇಳಿಯಬಹುದು.

ಗ್ರಾಹಕರಿಗೆ ಸಿಗುವುದೆಷ್ಟು?
ಕಂಪನಿವಾರು ವರದಿ ಗೌಪ್ಯ. ರಾಜ್ಯಮಟ್ಟದ ಒಟ್ಟಾರೆ ಅಂಕಿಅಂಶ ಮಾತ್ರ ಸಾರ್ವಜನಿಕರಿಗೆ ಲಭ್ಯ. ಹೀಗಾಗಿ ಯಾವ ಕಂಪನಿ ಕ್ಲೇಮ್ ಎಳೆದಾಡುತ್ತದೆ ಎಂಬುದು ಈ ವರದಿಯಿಂದ ಅಧಿಕಾರಿಗಳಿಗೆ ಗೊತ್ತಾದರೂ ಪಾಲಿಸಿ ಕೊಳ್ಳುವವರಿಗೆ ತಿಳಿಯದು. ಭಾರತದಲ್ಲಿ ಐಆರ್‌ಡಿಎಐ, ಜೀವ ವಿಮಾ ಕಂಪನಿಗಳ ಕ್ಲೇಮ್ ಇತ್ಯರ್ಥದ ಪ್ರಮಾಣವನ್ನು ಹೆಸರು ಸಮೇತ ಪ್ರಕಟಿಸುತ್ತದೆ.