ಹಾದಿಹೋಕರಿಗೆ ತೆರೆದ ಬಾಗಿಲು

ಶಿವಮೊಗ್ಗದಿಂದ ಹೊರಟ ಸವಳಂಗದ ರಸ್ತೆ ನವುಲೆಯನ್ನು ಹಾದು ಶಿಕಾರಿಪುರದತ್ತ ಸಾಗುತ್ತದೆ. ಅದರಾಚೆ ಇರುವುದು ಬಳ್ಳಿಗಾವೆ. ಬಸ್ಸಿನಲ್ಲಿ ಕುಳಿತ ನಮಗೆ ಅದು ಕೆಲವು ಗಂಟೆಗಳ ಮಾತು. ಕಾಲ್ನಡೆಯವನಿಗೆ ಮೂರು ಹಗಲಿನ ಹಾದಿ. ಮೂರು ಹಗಲೆಂದರೆ ನಡುವೆ ಎರಡು ರಾತ್ರಿಗಳೂ ಉಂಟಷ್ಟೆ. ಆ ರಾತ್ರಿಗಳನ್ನು ಅವನು ಎಲ್ಲಿ ಕಳೆಯುತ್ತಿದ್ದ? ಅವನಿಗೆ ಅನ್ನವಿಕ್ಕಿದವರು ಯಾರು? ರಾಜರ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದ ನಾವು ಈ ಪ್ರಶ್ನೆಯನ್ನು ಕೇಳುವುದೇ ಅಪರೂಪ.

ಉತ್ತರ ಬಳ್ಳಿಗಾವೆಯ ಕಲ್ಲಿನಲ್ಲಿಯೇ ಇದೆ. ಅಲ್ಲಿ ಕಾಳಾಮುಖ ಯತಿಗಳ ಕೋಡಿಯ ಮಠವಿತ್ತು. 1162ರ ಶಾಸನವೊಂದು ಆ ಮಠದಲ್ಲಿ ಯಾರು ಯಾರಿಗೆ ಅನ್ನ ದೊರೆಯುತ್ತಿತ್ತೆಂದು ವಿವರವಾಗಿ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅದರಲ್ಲಿ ಸೇರಿದ್ದಾರೆ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಇದ್ದಾರೆ. ನಾನಾ ದೇಶಗಳಿಂದ ಬಂದ ಭಿಕ್ಷುಕರಿದ್ದಾರೆ. ಮಠ ಶೈವರದು, ಆದರೂ ಜೈನ ಕ್ಷಪಣಕರನ್ನು ಪಂಕ್ತಿಯಿಂದ ಹೊರಗಿಟ್ಟಿಲ್ಲ. ರೋಗಿಗಳಾದ ಅನಾಥರಿಗೆ ಔಷಧಿಯೂ ಅಲ್ಲಿ ದೊರೆಯುತ್ತಿತ್ತು. ಇದೆಲ್ಲ ಬರಿಯ ಕರುಣೆಯಿಂದ ನಡೆಯುವ ಕೆಲಸವಲ್ಲ. ಇದಕ್ಕೆ ಅಕ್ಕಿ ಬೇಕು, ಸೌದೆ ಬೇಕು, ಕೈಗಳು ಬೇಕು. ಅದಕ್ಕೆಂದೇ ಹಿರಿಯರು ಭೂಮಿಯನ್ನು ದತ್ತಿಯಾಗಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಸಿದರು.

ಅನ್ನವಿಕ್ಕುವುದಕ್ಕೆ ತಗಲುವ ವೆಚ್ಚ ಅಕ್ಕಿಯದು. ಆಶ್ರಯ ಕೊಡುವುದಕ್ಕೆ ಕೆಲವೊಮ್ಮೆ ಅದಕ್ಕಿಂತ ದೊಡ್ಡ ಬೆಲೆ ತೆರಬೇಕಾಗುತ್ತದೆ. 1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದನು. ತಮ್ಮ ರಾಜಾರಾಮನು ಪನ್ಹಾಳದಿಂದ ವೇಷ ಮರೆಸಿಕೊಂಡು ದೂರದ ಜಿಂಜಿಗೆ ಹೊರಟನು. ನೇರ ಹಾದಿಯಲ್ಲಿ ಮೊಗಲರ ಕಾವಲು. ಆದ್ದರಿಂದ ಅವನು ಬಳಸು ಹಾದಿ ಹಿಡಿದು ನಮ್ಮ ಮಲೆನಾಡಿಗೆ ಬಂದನು. ಆಗ ಬಿದನೂರಿನಲ್ಲಿ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಬಂದವನು ಯಾರೆಂದು ಅವಳಿಗೆ ತಿಳಿದಿತ್ತು; ಅವನನ್ನು ಬಿಟ್ಟುಕೊಟ್ಟರೆ ಬಾದಶಹನ ಕೃಪೆ, ಕಾಪಾಡಿದರೆ ಬಾದಶಹನ ದಂಡು ಎಂಬುದೂ ತಿಳಿದಿತ್ತು. ಅವಳು ಕಾಪಾಡಿ, ಮುಂದಕ್ಕೆ ಸುರಕ್ಷಿತವಾಗಿ ಕಳುಹಿಸಿಕೊಟ್ಟಳು. ದಂಡು ಬಂದಿತು, ಕಾದಾಟವಾಯಿತು, ಕಡೆಗೆ ಸಂಧಿಯಾಯಿತು. ಅಷ್ಟರಲ್ಲಿ ರಾಜಾರಾಮನು ಜಿಂಜಿ ಸೇರಿದ್ದನು.

ರಾಣಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟು ನೀರುಮಜ್ಜಿಗೆ ಹೊಯ್ದವರ ಹೆಸರು ಉಳಿಯಲಿಲ್ಲ. ತಲೆಹೊರೆ ಇಳಿಸಲೆಂದು ದಾರಿಯ ಪಕ್ಕ ಕಲ್ಲು ನಿಲ್ಲಿಸಿದವರ, ಜಗಲಿಯ ಮೇಲೆ ಚಾಪೆ ಹಾಸಿಕೊಟ್ಟ ತಾಯಂದಿರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ರಾಣಿ ಮಾಡಿದ್ದೂ ಮೂಲತಃ ಅದನ್ನೇ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಆ ತಾಯಂದಿರು ಮನೆಯಲ್ಲಿ ಕಲಿಸಿದ ಪಾಠವನ್ನೇ ಅವಳು ರಾಜ್ಯದ ಮಟ್ಟದಲ್ಲಿ ನಡೆಸಿದಳು.

ರೈಲು ಬಂದಿತು, ಮೋಟಾರು ಬಂದಿತು, ಛತ್ರಗಳು ಬಡವಾದವು. ಆದರೂ ನಡೆಯುವವರು ಮುಗಿದುಹೋಗಿಲ್ಲ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ಕಾಲ್ನಡೆಯಲ್ಲಿ ಹೋಗುವವರಿಗೆ ದಾರಿಯುದ್ದಕ್ಕೂ ಊರವರು ಇಂದಿಗೂ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ದಾರಿ ತಪ್ಪಿ ಬಂದ ಒಬ್ಬ ನಡಿಗೆಯವನು ನಾಳೆ ತಮ್ಮ ಜಗಲಿಯ ಮೇಲೂ ಕುಳಿತಾನು. ಊರು ಯಾವುದು, ಜನ ಯಾರು ಎಂದು ಆಮೇಲೆ ಕೇಳಬಹುದು. ಮೊದಲು ಒಂದು ತಂಬಿಗೆ ನೀರು ಕೊಡಿ.